ಐದು ಹಲ್ಲಿಗೊಂದು ಗಾಯ

“ಮೇಡಂ, ಎಷ್ಟು ಹೊತ್ತು ಅಂತ ಇದರ ಹಲ್ಲು ಎಣಿಸ್ತೀರಿ? ನನ್ನ ಹಲ್ಲಿನ ಡಾಕ್ಟ್ರು ಕೂಡ ಇಷ್ಟು ಅಕ್ಕರೆಯಿಂದ ನೋಡಿಲ್ಲ.”

ಟಾರ್ಚ್ ಹಿಡಿದು ಹಿಡಿದು ದಫೇದಾರನ ಕೈ ಸೋತಿತ್ತು. ನಾಟಕಶಾಲೆಯ ರಂಗದ ಕೆಳಗಿನ ನೆಲಮಾಳಿಗೆ ಅದು. ಹೊರಗೆ ಸುಡುಬಿಸಿಲ ಮಧ್ಯಾಹ್ನವಿದ್ದರೂ ಒಳಗೆ ಬೆಳಕೆಂದರೆ ತಲೆಯ ಮೇಲಿನ ಹಲಗೆಗಳ ಸಂದಿಯಿಂದ ಇಳಿಯುವ ಧೂಳಿನ ಗೆರೆಗಳು ಮಾತ್ರ.

ಇನ್‌ಸ್ಪೆಕ್ಟರ್ ಖಾಕಿ ತೋಳು ಮಡಚಿಕೊಂಡು, ಸೈಕಲ್ ಗಾಲಿಯಷ್ಟಗಲದ ಕಬ್ಬಿಣದ ಹಲ್ಲುಚಕ್ರವನ್ನು ಒಂದೊಂದೇ ಹಲ್ಲು ಸರಿಸುತ್ತ, ತುಟಿಯಲ್ಲೇ ಎಣಿಸುತ್ತಿದ್ದಳು.

ಕಳೆದ ವಾರ ಈ ರಾಟೆ ಜಾರಿ, ವೃದ್ಧ ನಟಿ ತಿಂಗಳಕ್ಕ ತನ್ನ ಕೊನೆಯ ಪ್ರದರ್ಶನದಲ್ಲಿ ಚಂದ್ರನ ಉಯ್ಯಾಲೆಯ ಸಮೇತ ಮೇಲಿಂದ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ರಾಟೆ ನೋಡಿಕೊಳ್ಳುತ್ತಿದ್ದ ಮುದುಕ, ಎಲ್ಲರ ಬಾಯಲ್ಲೂ ‘ರಾಟೆ ಮಾವ’, ಲಾಕಪ್ಪಿನಲ್ಲಿದ್ದ. ಕೇಳಿದ ಪ್ರಶ್ನೆಗೆಲ್ಲ ಅವನದು ಒಂದೇ ಉತ್ತರ: “ತಪ್ಪು ನಂದೇ.”

“ಅರವತ್ತು,” ಎಂದಳು ಇನ್‌ಸ್ಪೆಕ್ಟರ್. “ಈಗ ಆ ಮರಿ ಚಕ್ರ ಕೊಡಿ.”

ದಫೇದಾರ ಬಟ್ಟೆಚೀಲದಿಂದ ಊಟದ ತಟ್ಟೆಯಷ್ಟಗಲದ ಚಿಕ್ಕ ಚಕ್ರ ತೆಗೆದುಕೊಟ್ಟ. ರಾಟೆಯ ಹಿಡಿ ತಿರುಗಿಸಿದರೆ ಈ ಮರಿ ತಿರುಗಿ, ದೊಡ್ಡದನ್ನು ತಿರುಗಿಸಿ, ಉಕ್ಕಿನ ಹಗ್ಗ ಸಡಿಲಿಸಿ, ಚಂದ್ರನನ್ನು ಮೆಲ್ಲಗೆ ಇಳಿಸಬೇಕು. ಅದರ ಒಂದು ಹಲ್ಲು ಬುಡದಲ್ಲೇ ಮುರಿದಿತ್ತು. ‘ಹಳೆಯ ಚಕ್ರ, ಸವೆದ ಹಲ್ಲು, ನೋಡಿಕೊಳ್ಳುವವನ ಅಲಕ್ಷ್ಯ’ ಎಂದು ತಜ್ಞರು ಬರೆದುಕೊಟ್ಟಿದ್ದರು.

“ಮುರಿದಿದ್ದೂ ಸೇರಿ ಇಪ್ಪತ್ತನಾಲ್ಕು,” ಎಂದಳು ಅವಳು ಎಣಿಸಿ. ಮತ್ತೆ ದೊಡ್ಡ ಚಕ್ರಕ್ಕೆ ತಿರುಗಿದಳು. “ಇಲ್ಲಿ ಬೆರಳಿಟ್ಟು ನೋಡಿ.”

ದಫೇದಾರ ಅಂಜುತ್ತ ಬೆರಳಿಟ್ಟ. ಹಲ್ಲಿನ ತುದಿಯಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಒಂದು ತಗ್ಗು. ಹೊಸ ಗಾಯವಲ್ಲ, ಅಂಚುಗಳು ನುಣುಪಾಗಿದ್ದವು. ವರ್ಷಗಟ್ಟಲೆ ಅದೇ ಜಾಗಕ್ಕೆ ಏಟು ಬಿದ್ದು ಬಿದ್ದು ಆದ ತಗ್ಗು.

“ಮುಂದಿನ ಹಲ್ಲು?”

“ಇದಕ್ಕೇನೂ ಆಗಿಲ್ಲ.”

“ಅದರ ಮುಂದಿಂದು?”

“ಇದೂ ಇಲ್ಲ... ಇದಕ್ಕೂ ಇಲ್ಲ... ಇದಕ್ಕೂ... ಹಾ, ಇಲ್ಲಿದೆ!”

ಗಾಯವಾದ ಹಲ್ಲಿಗೆಲ್ಲ ಅವಳು ಸೀಮೆಸುಣ್ಣ ಬಳಿಯುತ್ತ ಹೋದಳು. ಪೂರ್ತಿ ಸುತ್ತು ಬಂದ ಮೇಲೆ ಹಿಂದೆ ಸರಿದು ನಿಂತು ನೋಡಿದಳು. ಸರಿಯಾಗಿ ಐದು ಹಲ್ಲಿಗೊಂದು ಬಿಳಿ ಗುರುತು. ಒಂದೂ ತಪ್ಪಿರಲಿಲ್ಲ.

“ಟಕ್,” ಎಂದಳು ಅವಳು, ತನಗೇ ಎಂಬಂತೆ.

“ಏನಂದ್ರಿ?”

“ಚಂದ್ರ ಇಳಿಯೋವಾಗ ಟಕ್ ಅಂತ ಶಬ್ದ ಬರ್ತಿತ್ತು. ನೀವು ಚಿಕ್ಕವರಿದ್ದಾಗ ಇಲ್ಲಿಗೆ ಬಂದಿಲ್ವಾ?”

“ನಮ್ಮಪ್ಪ ನನ್ನ ನಾಟಕಾನೇ ನೋಡಿ ಸಾಕಾಗಿದ್ರು ಮೇಡಂ. ದುಡ್ಡು ಕೊಟ್ಟು ಬೇರೆ ನೋಡ್ಬೇಕಾ?”

ಅವಳು ನಕ್ಕಳು. ಆದರೆ ಕಣ್ಣು ಎಲ್ಲೋ ಇತ್ತು.

ಭಾನುವಾರ ಮಧ್ಯಾಹ್ನದ ಆಟಕ್ಕೆ ಅಮ್ಮ ಅವಳನ್ನು ಕರೆತರುತ್ತಿದ್ದಳು. ಅಮ್ಮ ಈ ನಾಟಕಶಾಲೆಯ ಹಿಂದಿನ ಬೀದಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕದ ಟೀಚರ್. ವಾರವಿಡೀ ಸೀಮೆಸುಣ್ಣ ಅಂಟಿರುತ್ತಿದ್ದ ಬೆರಳುಗಳನ್ನು ಭಾನುವಾರ ಮಾತ್ರ ತಿಕ್ಕಿ ತಿಕ್ಕಿ ತೊಳೆದು, ಮಗಳ ಕೈ ಹಿಡಿದು ನಡೆಯುತ್ತಿದ್ದಳು. ಕೆಂಪು ಬಣ್ಣ ಮಾಸಿದ ಮಖಮಲ್ಲಿನ ಕುರ್ಚಿಗಳು. ಕೂತರೆ ತೊಡೆಗೆ ಚುಚ್ಚುವ ಸ್ಪ್ರಿಂಗು. ಕೊನೆಯ ಅಂಕದಲ್ಲಿ ದೀಪಗಳೆಲ್ಲ ಆರಿ, ಮೇಲಿಂದ ಬೆಳ್ಳಿಯ ಬಣ್ಣ ಬಳಿದ ಬಾಗಿದ ಚಂದ್ರ ಇಳಿಯುತ್ತಿತ್ತು. ಅದರ ಮೇಲೆ ತಿಂಗಳಕ್ಕ, ಒಂದು ಕಾಲು ಇಳಿಬಿಟ್ಟು, ಹಾಡುತ್ತ.

ಆ ಹಾಡಿನ ನಡುವೆ ನೆಲದಡಿಯಿಂದ ಸದ್ದು. ಟಕ್. ಸ್ವಲ್ಪ ಬಿಟ್ಟು ಮತ್ತೆ, ಟಕ್.

“ಅಮ್ಮ, ಅದು ಚಂದ್ರನ ಎದೆ ಬಡಿತಾನಾ?” ಎಂದು ಅವಳು ಕೇಳಿದ್ದಳು.

“ಹೂಂ, ಇರಬಹುದು,” ಎಂದಿದ್ದಳು ಅಮ್ಮ. ತರಗತಿಯಲ್ಲಿ ಒಂದು ತಪ್ಪನ್ನೂ ಬಿಡದವಳು ಅವತ್ತು ಆ ತಪ್ಪನ್ನು ತಿದ್ದಿರಲಿಲ್ಲ.

ಆಟ ಮುಗಿಸಿ ಮನೆಗೆ ಬಂದರೆ ಅಡುಗೆಮನೆಯ ಮೇಜಿನ ಮೇಲೆ ಅಮ್ಮನ ಇನ್ನೊಂದು ಆಟ. ನಾಟಕದ ಕರಪತ್ರ, ಕತ್ತರಿ. ಶಾಲೆಯ ಹುಡುಗಿಯರೆಲ್ಲ ಹೆದರುತ್ತಿದ್ದ ಮಹತ್ತಮ ಸಾಮಾನ್ಯ ಅಪವರ್ತನವನ್ನು ಅಮ್ಮ ಅವಳಿಗೆ ಕಲಿಸಿದ್ದು ಹಾಗೆ. ಅದನ್ನು ಪುಸ್ತಕದಲ್ಲಿ ಮ.ಸಾ.ಅ. ಎಂದು ಮೊಟಕಾಗಿ ಬರೆಯುತ್ತಿದ್ದರು. ಹುಡುಗಿಯರು ಅದಕ್ಕೆ ‘ಮಕ್ಕಳ ಸಾಮೂಹಿಕ ಅಳು’ ಎಂದು ಹೆಸರಿಟ್ಟಿದ್ದರು. ಅಮ್ಮನಿಗೂ ಅದು ಗೊತ್ತಿತ್ತು. ಅಡುಗೆಮನೆಯಲ್ಲಿ ಅವಳೂ ಹಾಗೇ ಕರೆಯುತ್ತಿದ್ದಳು.

“ಬಾರೇ, ಸಾಮೂಹಿಕವಾಗಿ ಅಳೋಣ. ಈ ಹಾಳೆ ಉದ್ದ ನಲವತ್ತೆಂಟು, ಅಗಲ ಹದಿನೆಂಟು. ಇದರಲ್ಲಿ ಎಷ್ಟು ದೊಡ್ಡ ಚೌಕ ಬರುತ್ತೋ ಅಷ್ಟು ದೊಡ್ಡದು ಕತ್ತರಿಸು.”

ಹದಿನೆಂಟರ ಚೌಕ ಎರಡು ಬಂದವು. ಹನ್ನೆರಡು ಅಗಲದ ಪಟ್ಟಿ ಉಳಿಯಿತು.

“ಉಳಿದಿದ್ರಲ್ಲಿ?”

ಹನ್ನೆರಡರ ಚೌಕ ಒಂದು. ಮತ್ತೆ ಆರು ಅಗಲದ ಪಟ್ಟಿ.

“ಅದರಲ್ಲಿ?”

ಆರರ ಚೌಕ ಎರಡು. ಏನೂ ಉಳಿಯಲಿಲ್ಲ.

“ಆಯ್ತು. ಆರು. ನಲವತ್ತೆಂಟನ್ನೂ ಹದಿನೆಂಟನ್ನೂ ಒಂದು ಚೂರೂ ಉಳಿಸದೆ ಅಳೆಯೋ ಅತಿ ದೊಡ್ಡ ಅಳತೆ ಅದು. ಇಷ್ಟೇ ಕಣೇ. ಉಳಿದಿದ್ದನ್ನ ಬಿಸಾಕಬಾರದು. ಉಳಿದಿದ್ದರಿಂದಲೇ ಮತ್ತೆ ಅಳೀಬೇಕು. ಏನೂ ಉಳಿಯದ ತನಕ.”

ಆ ಚೌಕಗಳನ್ನು ಅವಳು ಬಹಳ ಕಾಲ ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಆರರ ಚೌಕದಲ್ಲಿ ತಿಂಗಳಕ್ಕನ ಒಂದು ಕಣ್ಣು ಮಾತ್ರ ಉಳಿದಿತ್ತು. ಅಮ್ಮ ಹೋದ ಮೇಲೆ ಮನೆ ಬದಲಿಸುವಾಗ ಡಬ್ಬಿ ಎಲ್ಲೋ ಕಳೆದುಹೋಯಿತು.

“ಮೇಡಂ?”

ಅವಳು ಬಗ್ಗಿ ನೆಲದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಬರೆಯತೊಡಗಿದಳು.

“ನೋಡಿ ದಫೇದಾರ್ರೇ. ಮರಿ ಚಕ್ರದಲ್ಲಿ ಒಂದು ಹಲ್ಲು ಉಳಿದವಕ್ಕಿಂತ ಒಂಚೂರು ಉಬ್ಬಿದೆ ಅನ್ಕೊಳ್ಳಿ. ಅದು ದೊಡ್ಡ ಚಕ್ರದ ಯಾವ ಹಲ್ಲಿಗೆ ಬಿದ್ರೂ ಏಟು. ಟಕ್. ಇಪ್ಪತ್ತನಾಲ್ಕು ಹಲ್ಲಿನ ಮರಿ ಒಂದು ಸುತ್ತು ಬಂದ್ರೆ ದೊಡ್ಡದು ಇಪ್ಪತ್ತನಾಲ್ಕು ಹಲ್ಲು ಮುಂದೆ ಹೋಗಿರುತ್ತೆ. ಇನ್ನೊಂದು ಸುತ್ತಿಗೆ?”

“ನಲವತ್ತೆಂಟು.”

“ಇನ್ನೊಂದಕ್ಕೆ?”

“ಎಪ್ಪತ್ತೆರಡು. ಆದ್ರೆ ಇರೋದೇ ಅರವತ್ತು...”

“ಅರವತ್ತಕ್ಕೆ ಒಂದು ಸುತ್ತು ಮುಗೀತು. ಅಂದ್ರೆ ಹನ್ನೆರಡನೇ ಹಲ್ಲು. ಆಮೇಲೆ ಮೂವತ್ತಾರು. ಆಮೇಲೆ ಅರವತ್ತು, ಶುರು ಮಾಡಿದ ಜಾಗಕ್ಕೇ ಬಂತು. ನೂರು ವರ್ಷ ತಿರುಗಿಸಿದ್ರೂ ಏಟು ತಿನ್ನೋದು ಅವೇ ಐದು ಹಲ್ಲು. ಹನ್ನೆರಡು ಹಲ್ಲಿಗೊಂದು.”

ದಫೇದಾರ ಗಲ್ಲ ಕೆರೆದುಕೊಂಡ. “ನಮ್ಮ ಸ್ಟೇಷನ್ ಥರ ಅನ್ನಿ. ಯಾರೇ ಸಾಹೇಬ್ರು ಬಂದ್ರೂ ಬೈಸಿಕೊಳ್ಳೋದು ಅದೇ ಐದು ಜನ.”

“ಹಾಗೇ. ಅರವತ್ತನ್ನ ಇಪ್ಪತ್ತನಾಲ್ಕರಿಂದ ಭಾಗಿಸಿದ್ರೆ ಹನ್ನೆರಡು ಉಳಿಯುತ್ತೆ. ಇಪ್ಪತ್ತನಾಲ್ಕನ್ನ ಹನ್ನೆರಡರಿಂದ ಭಾಗಿಸಿದ್ರೆ ಏನೂ ಉಳಿಯಲ್ಲ. ಎರಡರ ಮ.ಸಾ.ಅ. ಹನ್ನೆರಡು. ಗಾಯಗಳ ನಡುವಿನ ದೂರ ಅದೇ ಆಗಿರಬೇಕಿತ್ತು.” ಅವಳು ಸೀಮೆಸುಣ್ಣವನ್ನು ಚಕ್ರದತ್ತ ತೋರಿಸಿದಳು. “ಆದ್ರೆ ಇಲ್ಲಿರೋದು?”

“ಐದಕ್ಕೊಂದು.”

ದಫೇದಾರ ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಅವಳು ಬರೆದದ್ದರ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

“ಹಾಗಾದ್ರೆ ವರ್ಷಗಟ್ಟಲೆ ಏಟು ಹಾಕಿದ್ದು ಈ ಮರಿ ಅಲ್ಲ.”

“ಅಲ್ಲ. ಅದು ಬೇರೆ. ಅರವತ್ತಕ್ಕೂ ಅದಕ್ಕೂ ಮ.ಸಾ.ಅ. ಐದು ಬರಬೇಕು. ಈ ಜಾಗದಲ್ಲಿ ಹಿಡಿಸಬೇಕು ಅಂದ್ರೆ ಮೂವತ್ತೈದು ಹಲ್ಲಿಂದು ತೀರಾ ದೊಡ್ಡದಾಯ್ತು. ಇಪ್ಪತ್ತೈದು.” ಅವಳು ಬರೆದಳು. ಅರವತ್ತನ್ನು ಇಪ್ಪತ್ತೈದರಿಂದ: ಉಳಿದದ್ದು ಹತ್ತು. ಇಪ್ಪತ್ತೈದನ್ನು ಹತ್ತರಿಂದ: ಉಳಿದದ್ದು ಐದು. ಹತ್ತನ್ನು ಐದರಿಂದ: ಏನೂ ಇಲ್ಲ. “ಇಪ್ಪತ್ತೈದು ಹಲ್ಲಿನ ಚಕ್ರ ಇದ್ದ ಜಾಗಕ್ಕೆ ಯಾರೋ ಇಪ್ಪತ್ತನಾಲ್ಕರದ್ದು ಹಾಕಿದಾರೆ. ಕಣ್ಣಿಗೆ ಎರಡೂ ಒಂದೇ. ಒಂದು ಹಲ್ಲು ಕಡಿಮೆ ಆದ್ರೆ ಚಕ್ರ ಒಂಚೂರು ಸಣ್ಣದಾಗುತ್ತೆ, ಹಲ್ಲು ಹಲ್ಲಿಗೆ ಪೂರ್ತಿ ಕಚ್ಚಲ್ಲ. ಖಾಲಿ ಉಯ್ಯಾಲೆ ಇಳಿಸಿದ್ರೆ ಏನೂ ಆಗಲ್ಲ. ಮೇಲೆ ಮನುಷ್ಯರ ಭಾರ ಬಿದ್ರೆ...”

“ಜಾರುತ್ತೆ,” ಎಂದ ದಫೇದಾರ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಅವಳು ಜೇಬಿನ ಬೀಗದಕೈಯಿಂದ ಮರಿ ಚಕ್ರದ ಮಗ್ಗುಲನ್ನು ಗೀರಿದಳು. ಹಳೆಯದಾಗಿ ಕಾಣಲೆಂದು ಬಳಿದಿದ್ದ ಕಪ್ಪು ಮಸಿ, ಗ್ರೀಸು ಎದ್ದುಬಂತು. ಕೆಳಗೆ ಕಬ್ಬಿಣ ಹೊಸ ಚಾಕುವಿನಂತೆ ಮಿಂಚಿತು.

“ನಾಳೆ ಮುದುಕನ್ನ ಕೋರ್ಟಿಗೆ ಹಾಜರುಪಡಿಸಬೇಕು ಮೇಡಂ.”

“ಅದಕ್ಕೇ ಇವತ್ತೇ ಇಲ್ಲಿಗೆ ಕರ್ಕೊಂಡು ಬನ್ನಿ.”

*

ರಾಟೆ ಮಾವನಿಗಿಂತ ಮೊದಲು ಬಂದವನು ಯಜಮಾನ. ಹಿರಿಯ ಯಜಮಾನನ ಮಗ. ಅಪ್ಪ ತೀರಿದ ಮೇಲೆ ನಾಟಕಶಾಲೆ ಅವನದು. ಅತ್ತರು ಪೂಸಿದ ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡೇ ಮರದ ಏಣಿಮೆಟ್ಟಿಲು ಇಳಿದ.

“ಇನ್ನೂ ಏನು ನೋಡೋದಿದೆ ಮೇಡಂ? ಹಳೇ ಕಬ್ಬಿಣ, ಹಳೇ ಮನುಷ್ಯ. ಅವನೇ ಒಪ್ಪಿಕೊಂಡಿದಾನೆ. ತಿಂಗಳಕ್ಕ ನನ್ನನ್ನ ಎತ್ತಿ ಆಡಿಸಿದವಳು. ನನಗೂ ಸಂಕಟ ಇದೆ. ಆದ್ರೆ ಬಾಗಿಲು ಮುಚ್ಚಿ ಎಷ್ಟು ದಿನ ಕೂರೋದು?”

“ಅವತ್ತು ಹಿಡಿ ತಿರುಗಿಸ್ತಿದ್ದಿದ್ದು ರಾಟೆ ಮಾವಾನೇ ಅಂತ ಹೇಳಿಕೆ ಕೊಟ್ಟಿದೀರಿ.”

“ಕಣ್ಣಾರೆ ನೋಡಿದೀನಿ.”

“ನೆಲಮಾಳಿಗೆ ಬೀಗದಕೈ ಯಾರ ಹತ್ರ ಇರುತ್ತೆ?”

“ನನ್ನ ಆಫೀಸಿನ ಗೋಡೆ ಮೇಲೆ ಮೊಳೇಲಿ ನೇತಾಡ್ತಿರುತ್ತೆ. ಯಾರು ಬೇಕಾದ್ರೂ ತಗೋಬಹುದು. ಇಲ್ಲಿಂದ ಕದಿಯೋಕೆ ಏನಿದೆ, ಜೇಡರಬಲೇನಾ?”

ಅಷ್ಟರಲ್ಲಿ ದಫೇದಾರ ರಾಟೆ ಮಾವನನ್ನು ಕರೆತಂದ. ಮುದುಕ ಏಣಿಯ ಒಂದೊಂದು ಮೆಟ್ಟಿಲನ್ನೂ ಕಾಲಿಂದಲೇ ಗುರುತು ಹಿಡಿದು ಇಳಿದ. ಇಳಿದವನೇ ದೊಡ್ಡ ಚಕ್ರದ ಮೇಲೆ ಕೈಯಿಟ್ಟ, ಕಾಯಿಲೆಯ ದನದ ಮೈ ಸವರಿದ ಹಾಗೆ. ಬಿಳಿ ಗುರುತುಗಳನ್ನು ಕಂಡು ಹುಬ್ಬು ಗಂಟಿಕ್ಕಿದ.

“ಇದನ್ನ ಯಾರು ಬಳಿದಿದ್ದು?”

“ನಾನೇ. ಈ ಗಾಯಗಳು ಹೇಗಾದ್ವು ಮಾವ?”

ಮಾವ ಎಂದು ಕರೆದದ್ದು ಅವಳಿಗೇ ಗೊತ್ತಾಗಲಿಲ್ಲ. ಚಿಕ್ಕಂದಿನ ಬಾಯಿ ತಾನಾಗಿ ಆಡಿತ್ತು.

ಮುದುಕ ಅವಳನ್ನು ದಿಟ್ಟಿಸಿದ. “ತಾಯಿ, ನೀವು ಲೆಕ್ಕದ ಟೀಚರಮ್ಮನ ಮಗಳಲ್ವಾ? ಎರಡನೇ ಸಾಲು, ಕಂಬದ ಪಕ್ಕ. ಆಟಕ್ಕೆ ಮುಂಚೆ ದೀಪ ಸರಿ ಮಾಡೋಕೆ ಬರ್ತಿದ್ದೆ, ನೋಡ್ತಿದ್ದೆ.”

“ಹೌದು,” ಎಂದಳು ಅವಳು. “ಗಾಯ ಹೇಗಾಯ್ತು?”

“ಹಳೇ ಕತೆ. ಮರಿ ಚಕ್ರದ ಒಂದು ಹಲ್ಲು ಮುರೀತು. ಹೊಸದು ತರಿಸೋ ತನಕ ಆಟ ನಿಲ್ಲಬಾರದು ಅಂತ ಉಕ್ಕಿನ ಹಲ್ಲು ಕೂರಿಸಿದೆ. ಕೂದಲೆಳೆಯಷ್ಟು ಉಬ್ಬಿತು. ತಿರುಗಿದಾಗೆಲ್ಲ ಟಕ್ ಅನ್ನೋದು. ದೊಡ್ಡ ಯಜಮಾನ್ರು ಬದಲಾಯಿಸು ಅಂದ್ರು. ತಿಂಗಳಕ್ಕ ಬಿಡ್ಲಿಲ್ಲ. ಆ ಸದ್ದು ಕೇಳಿದ್ರೆ ಕೆಳಗೆ ನೀನಿದೀಯ ಅಂತ ಗೊತ್ತಾಗುತ್ತೆ ಕಣೋ, ಮೇಲೆ ಭಯ ಆಗಲ್ಲ ಅಂದಳು.” ಅವನು ಕಣ್ಣು ಒರೆಸಿಕೊಂಡ. “ಅವಳ ಜೀವ ನನ್ನ ಕೈಲಿತ್ತು. ನಾನೇ ಬೀಳಿಸಿದೆ. ತಪ್ಪು ನಂದೇ.”

“ಮರಿ ಚಕ್ರಕ್ಕೆ ಎಷ್ಟು ಹಲ್ಲು?”

“ಇಪ್ಪತ್ತೈದು.”

ದಫೇದಾರ ಉಸಿರು ಬಿಟ್ಟ. ಇನ್‌ಸ್ಪೆಕ್ಟರ್ ಮುದುಕನ ಹತ್ತಿರ ಹೋಗಿ ನಿಂತಳು.

“ಮಾವ, ಅವತ್ತು ಹಿಡಿ ತಿರುಗಿಸಿದ್ದು ನೀವಲ್ಲ.”

“ನಾನೇ.”

“ನಲವತ್ತು ವರ್ಷ ಈ ಹಿಡಿ ಹಿಡಿದ ಕೈ ಇದು. ಅವತ್ತು ಇಲ್ಲಿದ್ದಿದ್ದು ಒಂದು ಹಲ್ಲು ಕಡಿಮೆ ಇರೋ ಬೇರೆ ಚಕ್ರ. ಹಿಡಿ ಲೊಡಲೊಡ ಅಲ್ಲಾಡಿರುತ್ತೆ. ಉಕ್ಕಿನ ಹಲ್ಲಿಲ್ಲ, ಟಕ್ ಅಂತ ಶಬ್ದ ಬಂದಿರಲ್ಲ. ನಿಮ್ಮ ಕೈಗೆ ಅದು ಗೊತ್ತಾಗದೆ ಇರುತ್ತಾ? ಅರ್ಧ ಸುತ್ತಿಗೇ ನಿಲ್ಲಿಸ್ತಿದ್ರಿ.”

“ವಯಸ್ಸಾಯ್ತು. ಗೊತ್ತಾಗ್ಲಿಲ್ಲ.”

“ಸುಳ್ಳು.”

“ನಾನೇ ಅಂತ ಹೇಳ್ತಿದೀನಲ್ಲ!” ಮುದುಕ ಕೂಗಿದ. ನೆಲಮಾಳಿಗೆ ಗುಂಯ್‌ಗುಟ್ಟಿತು. “ಯಜಮಾನ್ರೂ ನೋಡಿದೀನಿ ಅಂದಿದಾರೆ. ಬರ್ಕೊಳ್ಳಿ. ಜೈಲಿಗೆ ಹಾಕಿ. ಮುಗಿಸಿ.”

“ಅಪ್ಪ, ಸಾಕು ಬಿಡು.”

ಏಣಿಯ ಮೇಲೆ ಅವನ ಮಗಳು ನಿಂತಿದ್ದಳು. ನಾಟಕಶಾಲೆಯ ಬಟ್ಟೆಗಳನ್ನೆಲ್ಲ ಹೊಲಿಯುವವಳು. ಕೊರಳಲ್ಲಿ ಅಳತೆಪಟ್ಟಿ, ಕೈಯಲ್ಲಿ ಚಂದ್ರ ಬೀಳುವಾಗ ಹರಿದ ನೀಲಿ ಪರದೆಯ ತುಂಡು. ಮುಖ ಬಿಳಿಚಿಕೊಂಡಿತ್ತು.

“ನೀನು ಮೇಲಕ್ಕೆ ಹೋಗು,” ಎಂದ ಮುದುಕ.

“ಹೋಗಲ್ಲ.” ಅವಳು ಇಳಿದು ಬಂದಳು. “ಹಿಡಿ ತಿರುಗಿಸಿದ್ದು ನಾನು ಮೇಡಂ. ಅಪ್ಪ ಇಲ್ಲಿರಲೇ ಇಲ್ಲ. ಅಪ್ಪ... ಅಪ್ಪ ಮುಂದೆ ಕೂತಿದ್ರು. ನಾನೇ ಕೂರಿಸಿದ್ದು.”

“ಯಾಕೆ?”

ಮುದುಕನೇ ಹೇಳಿದ. ಅವನ ದನಿ ಈಗ ತೀರ ಸಣ್ಣದಾಗಿತ್ತು.

“ನಾನು ಒಂದು ಸಲಾನೂ ನೋಡಿರ್ಲಿಲ್ಲ ತಾಯಿ. ನಲವತ್ತು ವರ್ಷ ಅವಳನ್ನ ಇಳಿಸಿದ್ದು ನಾನು. ಇಲ್ಲಿ, ಈ ಕತ್ತಲೇಲಿ. ಮೇಲೆ ಜನ ‘ಆಹಾ’ ಅಂತಿದ್ದರು. ಅದು ಕೇಳಿ, ಓ ಈಗ ಕಾಣಿಸಿದಳು ಅಂತ ತಿಳ್ಕೊಳ್ತಿದ್ದೆ. ಚಪ್ಪಾಳೆ ಬಂದ್ರೆ, ಕಾಲು ನೆಲಕ್ಕೆ ಸೋಕಿತು ಅಂತ. ಅವತ್ತು ಕೊನೇ ಆಟ ಅಲ್ವಾ. ಇವಳು ಹಟ ಮಾಡಿದಳು. ಅಪ್ಪ, ಇವತ್ತಾದ್ರೂ ಎದುರಿಗೆ ಕೂತು ನೋಡು, ಹಿಡಿ ನಾನು ತಿರುಗಿಸ್ತೀನಿ, ನೀನೇ ತಾನೆ ಕಲಿಸಿದ್ದು ಅಂದಳು. ಒಗೆದ ಅಂಗಿ ಹಾಕ್ಕೊಂಡು ಹೋಗಿ ಕೂತೆ.”

ಅವನು ದೊಡ್ಡ ಚಕ್ರಕ್ಕೆ ಒರಗಿದ.

“ದೀಪ ಆರಿತು. ಅವಳು ಬಂದಳು. ಏನು ಹೇಳ್ಲಿ... ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ಮೈಮರೆತು ಕೂತಿದ್ದೆ. ಟಕ್ ಅಂತ ಬರ್ತಿಲ್ಲ ಅನ್ನೋದೂ ತಲೆಗೆ ಹೋಗ್ಲಿಲ್ಲ. ಆಮೇಲೆ ಬಿತ್ತು. ಮಗು ಕೈ ಜಾರಿತು ಅಂದ್ಕೊಂಡೆ. ಅವಳ ಕೈಗೆ ಕೆಲಸ ಕೊಟ್ಟು ನಾನು ಮೋಜು ನೋಡೋಕೆ ಹೋದೆನಲ್ಲ, ತಪ್ಪು ನಂದೇ ತಾನೆ?”

“ನನ್ನ ಕೈ ಜಾರ್ಲಿಲ್ಲ ಅಪ್ಪ,” ಎಂದಳು ಮಗಳು ಅಳುತ್ತ. “ಎಷ್ಟು ಸಲ ಹೇಳಿದೆ, ನೀನು ನಂಬ್ಲಿಲ್ಲ. ಹಿಡಿ ಗಟ್ಟಿಯಾಗೇ ಹಿಡಿದಿದ್ದೆ. ಒಳಗಡೆಯಿಂದಾನೇ ಕಿತ್ಕೊಂಡು ಹೋಯ್ತು.”

“ಅವಳು ಹೇಳ್ತಿರೋದು ನಿಜ ಮಾವ,” ಎಂದಳು ಇನ್‌ಸ್ಪೆಕ್ಟರ್. ನೆಲದ ಮೇಲೆ ಬರೆದದ್ದನ್ನು ತೋರಿಸಿ, ಅಮ್ಮ ಕರಪತ್ರ ಕತ್ತರಿಸಿ ತೋರಿಸಿದಷ್ಟೇ ನಿಧಾನವಾಗಿ, ಮೊದಲಿಂದ ಎಲ್ಲ ಹೇಳಿದಳು. ಅರವತ್ತಕ್ಕೆ ಇಪ್ಪತ್ತೈದಾದರೆ ಐದಕ್ಕೊಂದು ಗಾಯ. ಇಪ್ಪತ್ತನಾಲ್ಕಾದರೆ ಹನ್ನೆರಡಕ್ಕೊಂದು. ಗಾಯ ಸುಳ್ಳು ಹೇಳುವುದಿಲ್ಲ. ಹಲ್ಲು ಹಲ್ಲಿಗೆ ಕಚ್ಚದ ಚಕ್ರವನ್ನು ಎಂಥ ಬಲಶಾಲಿ ಹಿಡಿದಿದ್ದರೂ ಅದು ಜಾರುತ್ತಿತ್ತು. “ನಿಮ್ಮ ಮಗಳ ಕೈ ತಪ್ಪಿಲ್ಲ. ನೀವು ಕುರ್ಚಿ ಮೇಲೆ ಕೂತಿದ್ದೂ ತಪ್ಪಲ್ಲ. ಯಾರೋ ಬೇಕು ಅಂತಾನೇ ಮಾಡಿದಾರೆ.”

ಮುದುಕ ಮಗಳ ಎರಡೂ ಅಂಗೈಗಳನ್ನು ಹಿಡಿದು ತಿರುಗಿಸಿ ನೋಡಿದ. ಆಮೇಲೆ ಅವನ್ನು ತನ್ನ ಮುಖಕ್ಕೆ ಒತ್ತಿಕೊಂಡು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ದಫೇದಾರ ಟಾರ್ಚನ್ನು ಬೇರೆ ಕಡೆಗೆ ತಿರುಗಿಸಿದ.

ಇನ್‌ಸ್ಪೆಕ್ಟರ್ ಯಜಮಾನನತ್ತ ನೋಡಿದಳು. ಕರವಸ್ತ್ರ ಮೂಗಿನಿಂದ ಇಳಿದಿತ್ತು.

“ಕಣ್ಣಾರೆ ನೋಡಿದೀನಿ ಅಂದ್ರಲ್ಲ?”

“ಅದು... ಯಾವಾಗಲೂ ಅವನೇ ತಾನೆ ತಿರುಗಿಸೋದು ಮೇಡಂ. ಪೊಲೀಸಿನವರು ಕೇಳಿದಾಗ ಹಾಗೇ ಬಾಯಿಗೆ ಬಂತು.”

“ಮುಂದೆ ಕುರ್ಚಿ ಮೇಲೆ ಕೂತಿದ್ದವನನ್ನ ನೆಲದ ಕೆಳಗೆ ನೋಡಿದ್ರಾ?”

“ನಾನು ಮುಂದೆ ಕೂತಿರ್ಲಿಲ್ಲ.”

“ಹಾಗಾದ್ರೆ ಎಲ್ಲಿದ್ರಿ?”

ಯಜಮಾನ ತುಟಿ ಒದ್ದೆ ಮಾಡಿಕೊಂಡ. “ಮೇಲೆ ಹೋಗಿ ನಿಮ್ಮ ಆಫೀಸಲ್ಲಿ ಕೂತಿರಿ. ದಫೇದಾರ್ರು ಜೊತೆಗಿರ್ತಾರೆ,” ಎಂದಳು ಅವಳು. ಇಬ್ಬರೂ ಏಣಿ ಹತ್ತಿ ಹೋದರು. ಹಲಗೆಗಳ ಮೇಲೆ ಅವರ ಹೆಜ್ಜೆ ಸದ್ದು ದೂರವಾಯಿತು.

ಮುದುಕ ಮುಖ ಒರೆಸಿಕೊಂಡು ಕೈ ಚಾಚಿದ. “ಎಲ್ಲಿ, ಆ ಚಕ್ರ ಕೊಡಿ ತಾಯಿ. ಇಷ್ಟು ದಿನ ನನಗೆ ಯಾರೂ ತೋರಿಸೇ ಇಲ್ಲ.”

ಅವಳು ಕೊಟ್ಟಳು. ಅವನು ಅದನ್ನು ಹಲಗೆಯ ಸಂದಿಯ ಬೆಳಕಿಗೆ ಹಿಡಿದು, ಅಂಗಿಯ ತುದಿಯಿಂದ ಗ್ರೀಸು ಒರೆಸಿದ. ಕೈ ಸ್ಥಿರವಾಗಿತ್ತು. ಕಣ್ಣಿಗಿಂತ ಹೆಚ್ಚಾಗಿ ಹೆಬ್ಬೆರಳಿನಿಂದಲೇ ನೋಡುತ್ತಿದ್ದ. ಒಂದೊಂದು ಹಲ್ಲಿನ ಬುಡಕ್ಕೂ ಉಗುರು ಇಳಿಸಿ.

“ಅಚ್ಚಿನಲ್ಲಿ ಎರಕ ಹೊಯ್ದಿದ್ದಲ್ಲ ಇದು. ಕೈಯಲ್ಲಿ ಅರ ಹಾಕಿ, ಉಜ್ಜಿ ಉಜ್ಜಿ ಮಾಡಿರೋದು. ಒಳ್ಳೇ ಕೆಲಸ. ಇಂಥ ಕೆಲಸ ಬಲ್ಲವರು ಈಗ ಯಾರಿದಾರೆ...”

ಹೆಬ್ಬೆರಳು ನಿಂತಿತು. ಮತ್ತೆ ಹಿಂದಿನ ಹಲ್ಲಿಗೆ ಹೋಯಿತು. ಅದರ ಹಿಂದಿನದಕ್ಕೆ. ಮುದುಕನ ಮುಖದಿಂದ ಬಣ್ಣ ಇಳಿಯುತ್ತಿರುವುದನ್ನು ಅವಳು ಅಷ್ಟು ಮಂಕು ಬೆಳಕಿನಲ್ಲೂ ಕಂಡಳು.

“ಏನಾಯ್ತು ಮಾವ?”

“ಬುಡದಲ್ಲಿ ಓರೆ ಇದೆ. ಪ್ರತಿ ಹಲ್ಲಿಗೂ. ಬಲಗೈಯವರು ಅರ ಹಾಕಿದ್ರೆ ಓರೆ ಆ ಕಡೆ ಬೀಳುತ್ತೆ. ಇದ್ರಲ್ಲಿ ಈ ಕಡೆ ಬಿದ್ದಿದೆ. ಎಡಗೈ.” ಅವನು ಚಕ್ರದಿಂದ ಬೆರಳು ತೆಗೆದ. “ಎಷ್ಟು ಬೈದ್ರೂ ತಿದ್ಕೊಳ್ಳಲಿಲ್ಲ ಅವನು.”

“ಯಾರು?”

“ನನ್ನ ತಮ್ಮ. ಇದೇ ಜಾಗದಲ್ಲಿ ನಾನೇ ಅವನಿಗೆ ಅರ ಹಿಡಿಯೋದು ಕಲಿಸಿದ್ದು.”

ಮಗಳು ತಲೆಯೆತ್ತಿದಳು. “ಚಿಕ್ಕಪ್ಪಾನಾ? ಅಪ್ಪ, ಅದು ಹೇಗಾಗುತ್ತೆ?”

“ಅವರೀಗ ಎಲ್ಲಿದಾರೆ?” ಎಂದಳು ಇನ್‌ಸ್ಪೆಕ್ಟರ್.

“ಇಲ್ಲ ತಾಯಿ. ಇವಳು ಹುಟ್ಟೋಕೆ ಮುಂಚೇನೇ ಹೋದ. ದೂರದ ಗಣಿಗೆ ಕೆಲಸಕ್ಕೆ ಅಂತ ಹೋಗಿದ್ದ. ಅಲ್ಲೇ ಕುಸಿದು ಬಿತ್ತಂತೆ. ನನ್ನ ಕೈಯಾರೆ ಮಣ್ಣು ಮಾಡಿದೀನಿ.”

ಅವಳು ಅವನ ಕೈಯಲ್ಲಿದ್ದ ಚಕ್ರವನ್ನು ನೋಡಿದಳು. ಬೀಗದಕೈ ಗೀರಿದ ಕಡೆ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಉಜ್ಜಿ ತಿಂಗಳೂ ಕಳೆದಿರದ ಕಬ್ಬಿಣ.

“ಮಣ್ಣು ಮಾಡೋ ಮುಂಚೆ ಮುಖ ನೋಡಿದ್ರಾ?”

ಮುದುಕ ಚಕ್ರವನ್ನು ಮೆಲ್ಲಗೆ ನೆಲದ ಮೇಲಿಟ್ಟ.

“ಪೆಟ್ಟಿಗೆ ಮೊಳೆ ಹೊಡೆದೇ ಬಂದಿತ್ತು. ತೆಗೀತೀನಿ, ಒಂದು ಸಲ ನೋಡ್ತೀನಿ ಅಂತ ಸುತ್ತಿಗೆ ತಗೊಂಡೆ. ಬೇಡ, ನೋಡಬೇಡ, ಇದ್ದ ಹಾಗೇ ನೆನಪಲ್ಲಿ ಇಟ್ಕೋ ಅಂತ ನನ್ನ ಕೈ ಹಿಡ್ಕೊಂಡುಬಿಟ್ಟಳು. ಸುತ್ತಿಗೆ ಕಿತ್ತು ಬಿಸಾಕಿದಳು.”

“ಯಾರು ಮಾವ?”

“ತಿಂಗಳಕ್ಕ.”